ಎರಡೂ ಕಾಲೇಜು ಚೆನ್ನಾಗಿವೆ, ಸೇರುವುದು ಯಾವುದಕ್ಕೆ? ಬಿಬಿಎ, ಬಿಕಾಂ ಆಯ್ಕೆಗೆ ಹನ್ನೆರಡು ಸೂತ್ರಗಳು

ಸೀಟು ಸಿಗದವರ ಸಂಕಟ ಊರಿಗೆಲ್ಲ ಗೊತ್ತಾಗುತ್ತದೆ. ಎರಡು ಮೂರು ಕಡೆ ಸೀಟು ಸಿಕ್ಕವರ ಸಂಕಟ ಆ ಮನೆಯವರಿಗೆ ಮಾತ್ರ ಗೊತ್ತು. ದ್ವಿತೀಯ ಪಿಯುಸಿ ಫಲಿತಾಂಶ ಬರುವ ಮೊದಲೇ ಬೆಂಗಳೂರಿನ ಹಲವು ಖಾಸಗಿ ಕಾಲೇಜುಗಳು ಅರ್ಜಿ ಕರೆದು, ಸಂದರ್ಶನ ಮುಗಿಸಿ, ‘ಇಂಥ ದಿನದೊಳಗೆ ಫೀಸು ಕಟ್ಟಿ’ ಎಂದು ಮೆಸೇಜು ಕಳಿಸಿರುತ್ತವೆ. ಚಿಕ್ಕಪ್ಪ ಒಂದು ಕಾಲೇಜಿನ ಪರ, ಪಕ್ಕದ ಮನೆಯವರು ಇನ್ನೊಂದರ ಪರ. ಗಡುವು ಹತ್ತಿರವಾದಂತೆ ಗಾಬರಿ ಹೆಚ್ಚುತ್ತದೆ, ಯಾರ ಮಾತು ಜೋರಾಗಿರುತ್ತದೋ ಅದೇ ಗೆಲ್ಲುತ್ತದೆ.

ಲಕ್ಷಗಟ್ಟಲೆ ಹಣ ಮತ್ತು ಮೂರು ವರ್ಷದ ಬದುಕು ಹಾಕುವ ತೀರ್ಮಾನ ಹೀಗಾಗಬಾರದು. ಹೆಚ್ಚುಕಡಿಮೆ ಒಂದೇ ಮಟ್ಟದ ಎರಡು ಸಂಸ್ಥೆಗಳ ನಡುವೆ ನಿಂತಿರುವ ವಿದ್ಯಾರ್ಥಿಗಳಿಗಾಗಿ, ಅವರ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದರ ತಿರುಳು ಇಷ್ಟೇ: ಕಾಲೇಜಿನ ಟಾಪರ್‌ಗೆ ಏನಾಯಿತು ಎಂದು ಕೇಳಬೇಡಿ, ನಡುವಿನ ಬೆಂಚಿನ ವಿದ್ಯಾರ್ಥಿಗೆ ಏನಾಯಿತು ಎಂದು ಕೇಳಿ. ಟಾಪರ್ ಎಲ್ಲಿ ಓದಿದರೂ ಮೇಲೆ ಬರುತ್ತಾನೆ. ಕಾಲೇಜಿನ ಕಸುಬು ಗೊತ್ತಾಗುವುದು ಸಾಧಾರಣ ಅಂಕದವರನ್ನು ಅದು ಎಲ್ಲಿಗೆ ಮುಟ್ಟಿಸಿದೆ ಎಂಬುದರಲ್ಲಿ.

1. ಡಿಗ್ರಿ ಕೊಡುವವರು ಯಾರು, ಮೊದಲು ನೋಡಿ

ಫಲಕದ ಮೇಲಿನ ಹೆಸರು ಬೇರೆ, ಪದವಿ ಪ್ರಮಾಣಪತ್ರದ ಮೇಲಿನ ಹೆಸರು ಬೇರೆ ಇರಬಹುದು. ಸಂಯೋಜಿತ ಕಾಲೇಜಿನಲ್ಲಿ ಪಠ್ಯ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜಿನಲ್ಲಿ ಪಠ್ಯ, ಪರೀಕ್ಷೆ ಕಾಲೇಜಿನದು, ಪದವಿ ವಿಶ್ವವಿದ್ಯಾಲಯದ್ದು. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಅವರದೇ.

ಹೆಸರಿನ ಗೊಂದಲವೂ ಇದೆ. 1882ರಲ್ಲಿ ಶುರುವಾದ ಸೇಂಟ್ ಜೋಸೆಫ್ಸ್ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜು ಅದೇ ಕುಟುಂಬದ ಬೇರೆಯೇ ಸಂಸ್ಥೆ, ಸ್ವಾಯತ್ತ ಕಾಲೇಜು. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿದೆ. ಐದು ವರ್ಷದ ಹಿಂದೆ ಓದಿದ ಅಣ್ಣನೋ ಅಕ್ಕನೋ ಹೇಳುವ ವ್ಯವಸ್ಥೆ ಈಗ ಅಲ್ಲಿ ಇಲ್ಲದಿರಬಹುದು.

ಇನ್ನೊಂದು ವಿಷಯ. 2024-25ರಿಂದ ಬಿಬಿಎ, ಬಿಎಂಎಸ್, ಬಿಸಿಎ ಕೋರ್ಸುಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಬಿಕಾಂ ಬಂದಿಲ್ಲ. ಬಿಬಿಎ ಸೇರುವವರು ಆ ವರ್ಷದ ಅನುಮೋದನೆ ಪತ್ರ ಕೇಳಿ, ಅದರಲ್ಲಿ ಎಷ್ಟು ಸೀಟು ಎಂದು ಬರೆದಿದೆ ನೋಡಿ. ಮಂಜೂರಾದ ಸೀಟು ತಿಳಿದರೆ ತರಗತಿಯಲ್ಲಿ ಎಷ್ಟು ಜನ ಕೂರುತ್ತಾರೆ ಎಂಬ ಅಂದಾಜೂ ಸಿಗುತ್ತದೆ.

2. ಮೂರು ವರ್ಷವೋ, ನಾಲ್ಕೋ?

ಕರ್ನಾಟಕ ಸರ್ಕಾರ 2024-25ರಿಂದ ತನ್ನ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಹಲವು ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಉಳಿದಿದೆ. ಮುಂದೆ ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ ಇದು ಮುಖ್ಯ. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಬ್ರಿಟನ್ನಿಗೆ ಸಾಮಾನ್ಯವಾಗಿ ಮೂರು ವರ್ಷದ ಪದವಿ ಸಾಕು. ಇಲ್ಲೇ ಕೆಲಸ ಅಥವಾ ಎಂಬಿಎ ನಿಮ್ಮ ಗುರಿಯಾದರೆ ನಾಲ್ಕನೇ ವರ್ಷಕ್ಕೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಮೂರನೇ ವರ್ಷಕ್ಕೇ ಪದವಿ ಪಡೆದು ಹೊರಬರಲು ಅವಕಾಶ ಇದೆಯೇ ಎಂದು ಕೇಳಿ ಇಟ್ಟುಕೊಳ್ಳಿ.

3. ಪ್ರಾಸ್ಪೆಕ್ಟಸ್ ಮುಚ್ಚಿ, ಎನ್‌ಐಆರ್‌ಎಫ್ ಪಿಡಿಎಫ್ ತೆರೆಯಿರಿ

ಈ ಹನ್ನೆರಡರಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೆಸರು ಕೊಟ್ಟ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಅಂಕಿಅಂಶವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಕಾಲೇಜಿನ ಹೆಸರಿನ ಜೊತೆ ಎನ್‌ಐಆರ್‌ಎಫ್ ಎಂದು ಸೇರಿಸಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಬಣ್ಣದ ಚಿತ್ರಗಳಿಲ್ಲದ, ಬರೀ ಕೋಷ್ಟಕಗಳ ಕಾಗದ. ಅದರಲ್ಲಿ ‘ಯುಜಿ, ಮೂರು ವರ್ಷದ ಕೋರ್ಸುಗಳು’ ಎಂಬ ಸಾಲು ಹುಡುಕಿ. ಒಂದೊಂದು ಬ್ಯಾಚಿಗೆ ಸೇರಿದವರೆಷ್ಟು, ಮೂರೇ ವರ್ಷದಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮಧ್ಯಮ ಸಂಬಳ ಎಷ್ಟು, ಮುಂದೆ ಓದಲು ಹೋದವರೆಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ.

ಲೆಕ್ಕ ಹೇಗೆ ಮಾಡಬೇಕೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ತೋರಿಸುತ್ತೇನೆ. ಸೇರಿದವರು 240, ಸಮಯಕ್ಕೆ ಪಾಸಾದವರು 210, ಕೆಲಸ ಸಿಕ್ಕವರು 60, ಮುಂದೆ ಓದಲು ಹೋದವರು 40 ಎಂದುಕೊಳ್ಳಿ. ಸೇರಿದವರಲ್ಲಿ 30 ಮಂದಿ ಮೂರು ವರ್ಷದಲ್ಲಿ ದಾಟಲಿಲ್ಲ. ದಾಟಿದವರಲ್ಲಿ ಕೆಲಸಕ್ಕೂ ಓದಿಗೂ ಲೆಕ್ಕ ಸಿಗದವರು 110 ಮಂದಿ, ಅರ್ಧಕ್ಕಿಂತ ಹೆಚ್ಚು. ಆ 110 ಮಂದಿಯಲ್ಲಿ ಮನೆಯ ವ್ಯಾಪಾರ ನೋಡಿಕೊಂಡವರು, ಸಿಎ ಓದುತ್ತಿರುವವರು, ಬ್ಯಾಂಕ್ ಪರೀಕ್ಷೆಗೆ ಕೂತವರೂ ಇರಬಹುದು. ಆದರೂ ಅದನ್ನು ಕಾಲೇಜಿನವರ ಬಾಯಿಂದಲೇ ಕೇಳಬೇಕು. ‘ಈ 110 ಮಂದಿ ಏನು ಮಾಡುತ್ತಿದ್ದಾರೆ, ಸರ್?’ ಎಂದು ಕೇಳಿದಾಗ ಒಂದು ಕಾಲೇಜಿನವರು ಹಳೆ ವಿದ್ಯಾರ್ಥಿಗಳ ಪಟ್ಟಿ ತೆಗೆಯುತ್ತಾರೆ, ಇನ್ನೊಂದರವರು ಮಾತು ತೇಲಿಸುತ್ತಾರೆ. ಎರಡರ ವ್ಯತ್ಯಾಸ ನಿಮಗೆ ಅಲ್ಲೇ ಕಾಣುತ್ತದೆ.

ಮಧ್ಯಮ ಸಂಬಳ ಎಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಒಬ್ಬನಿಗೆ 20 ಲಕ್ಷದ ಆಫರ್ ಬಂದರೆ ಸರಾಸರಿ ಏರುತ್ತದೆ, ನಡುವೆ ನಿಂತವರ ಸಂಬಳ ಅಲುಗುವುದಿಲ್ಲ. ಹೋರ್ಡಿಂಗ್ ಮೇಲಿನ ‘ಅತಿ ಹೆಚ್ಚಿನ ಪ್ಯಾಕೇಜ್’ ನಿಮಗೆ ಸಿಗುವ ಸಂಭವ ತೀರಾ ಕಡಿಮೆ. ನಡುವಿನ ಸಂಬಳ ಸಿಗುವ ಸಂಭವ ಎಷ್ಟೋ ಹೆಚ್ಚು.

ಒಂದು ಎಚ್ಚರಿಕೆ: ಆ ಸಾಲಿನಲ್ಲಿ ಬಿಎ, ಬಿಎಸ್‌ಸಿ, ಬಿಕಾಂ, ಬಿಬಿಎ ಎಲ್ಲ ಒಟ್ಟಿಗೆ ಸೇರಿರುತ್ತದೆ. ಅದಕ್ಕೇ ನಿಮ್ಮ ವಿಭಾಗದ ಲೆಕ್ಕವನ್ನು ಬೇರೆಯಾಗಿ ಕೇಳಬೇಕು.

4. ಶೇಕಡಾವಾರಿನ ಕೆಳಗೆ ಏನಿದೆ ಕೇಳಿ

‘95 ಪರ್ಸೆಂಟ್ ಪ್ಲೇಸ್‌ಮೆಂಟ್’ ಎಂದರೆ ಯಾರಲ್ಲಿ 95? ಪಾಸಾದವರಲ್ಲೋ, ಪ್ಲೇಸ್‌ಮೆಂಟಿಗೆ ಹೆಸರು ಬರೆಸಿ ಅರ್ಹರಾದವರಲ್ಲೋ? ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎನ್ನುವ ಕಂಪನಿಗಳು ಬಹಳ. ಈ ಜರಡಿಯಲ್ಲಿ ಉಳಿದವರನ್ನಷ್ಟೇ ಎಣಿಸಿದರೆ ಶೇಕಡಾವಾರು ದೊಡ್ಡದಾಗಿಯೇ ಕಾಣುತ್ತದೆ. ಬಂದ ಕಂಪನಿಗಳ ಲೋಗೋ ಬಿಟ್ಟು, ಎಂಥ ಕೆಲಸಕ್ಕೆ ಎಷ್ಟು ಜನರನ್ನು ತೆಗೆದುಕೊಂಡರು ಎಂದು ಕೇಳಿ. ಆಡಿಟ್ ಸಂಸ್ಥೆಯ ತೆರಿಗೆ ವಿಭಾಗದ ಕೆಲಸವೂ, ಫೋನಿನಲ್ಲಿ ಕೋರ್ಸು ಮಾರುವ ಕೆಲಸವೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

5. ಪಾಠ ಮಾಡುವವರು ಎಷ್ಟು ವರ್ಷದಿಂದ ಇದ್ದಾರೆ?

ಅದೇ ಪಿಡಿಎಫ್‌ನ ಕೊನೆಯ ಪುಟಗಳಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ: ಹುದ್ದೆ, ವಿದ್ಯಾರ್ಹತೆ, ಅನುಭವ (ತಿಂಗಳುಗಳ ಲೆಕ್ಕದಲ್ಲಿ), ಸೇರಿದ ದಿನಾಂಕ. ಕಾಮರ್ಸ್, ಮ್ಯಾನೇಜ್‌ಮೆಂಟ್ ವಿಭಾಗದವರನ್ನು ಗುರುತಿಸಿ ಸೇರಿದ ದಿನಾಂಕಗಳ ಮೇಲೆ ಕಣ್ಣಾಡಿಸಿ. ಬಹುಪಾಲು ಜನ ಕಳೆದ ಒಂದೆರಡು ವರ್ಷದಲ್ಲಿ ಸೇರಿದವರಾದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ ಎಂದೇ ಅರ್ಥ, ಇಲ್ಲವೇ ವಿಭಾಗ ಏಕಾಏಕಿ ದೊಡ್ಡದಾಗಿದೆ. ಹತ್ತು ವರ್ಷದಿಂದ ಕಾಸ್ಟ್ ಅಕೌಂಟಿಂಗ್ ಕಲಿಸುತ್ತಿರುವ ಒಬ್ಬ ಮೇಷ್ಟ್ರು ಇರುವ ಕಾಲೇಜನ್ನು, ಪ್ರತಿ ಸೆಮಿಸ್ಟರಿಗೆ ಮುಖ ಬದಲಾಗುವ ಹವಾನಿಯಂತ್ರಿತ ಕಾಲೇಜಿಗಿಂತ ಮೇಲು ಎಂದೇ ನಾನು ಎಣಿಸುತ್ತೇನೆ. ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಎಷ್ಟು ಮಂದಿ, ವರ್ಷದ ಆರಂಭದಲ್ಲೇ ಅವರ ನೇಮಕವಾಗುತ್ತದೆಯೇ ಎಂದೂ ವಿಚಾರಿಸಿ.

6. ರ‍್ಯಾಂಕು, ಗ್ರೇಡುಗಳಿಗೆ ಸಲ್ಲಬೇಕಾದಷ್ಟೇ ಬೆಲೆ ಕೊಡಿ

ಎನ್‌ಐಆರ್‌ಎಫ್‌ನಲ್ಲಿ ಕಾಲೇಜುಗಳ ಪಟ್ಟಿ ಬೇರೆ, ವಿಶ್ವವಿದ್ಯಾಲಯಗಳ ಪಟ್ಟಿ ಬೇರೆ. ಒಂದರ 80ನೇ ಸ್ಥಾನವನ್ನು ಇನ್ನೊಂದರ 60ನೇ ಸ್ಥಾನದ ಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ‘ಮ್ಯಾನೇಜ್‌ಮೆಂಟ್’ ಪಟ್ಟಿಯ ರ‍್ಯಾಂಕು ಬಹುಮಟ್ಟಿಗೆ ಎಂಬಿಎ ವಿಭಾಗದ ಸಾಧನೆ, ಬಿಬಿಎ ವಿಭಾಗದ್ದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಗ್ರೇಡು ಇಡೀ ಸಂಸ್ಥೆಗೆ ಕೊಟ್ಟದ್ದು, ನಿಮ್ಮ ವಿಭಾಗಕ್ಕಲ್ಲ. ಎ++ ಎಂದರೆ 4ಕ್ಕೆ 3.51 ಮತ್ತು ಅದಕ್ಕಿಂತ ಮೇಲೆ. ಯಾವ ವರ್ಷದ ಗ್ರೇಡು ಎಂದು ನೋಡಿ. 2025ರ ಫೆಬ್ರುವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಲಂಚದ ಆರೋಪದಲ್ಲಿ ಸಿಬಿಐ ಬಂಧಿಸಿದ್ದನ್ನು ನೆನೆದರೆ, ಗ್ರೇಡನ್ನೇ ನಂಬಿ ಕೂರುವ ಹಾಗಿಲ್ಲ.

7. ಮುಂದೇನು ಎಂಬುದು ಆಯ್ಕೆಯನ್ನು ಬದಲಿಸುತ್ತದೆ

ಸಿಎ ಮಾಡುವವರಿಗೆ ಬಿಕಾಂ ಒಳ್ಳೆಯದು, ಅದರಲ್ಲೂ ವೇಳಾಪಟ್ಟಿ ಹೊಂದುವ ಕಾಲೇಜು. ಆರ್ಟಿಕಲ್‌ಶಿಪ್ ಎಂಬ ಕಡ್ಡಾಯ ಕಚೇರಿ ತರಬೇತಿ ಈಗ ಎರಡು ವರ್ಷಕ್ಕೆ ಇಳಿದಿದೆ. ಆ ಅವಧಿಯಲ್ಲಿ ಆಫೀಸಿನ ಹೊತ್ತಿಗೆ ಕಾಲೇಜಿನಲ್ಲಿ ಕೂರುವಂತಿಲ್ಲ. ಬೆಳಗಿನ ಕಾಲೇಜು, ಸಂಜೆ ಕಾಲೇಜುಗಳನ್ನು ಸಿಎ ವಿದ್ಯಾರ್ಥಿಗಳು ಹುಡುಕುವುದು ಇದಕ್ಕೇ. ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಹಾಜರಿ ಬಿಗಿಯಾಗಿರುವ ಹೆಸರಾಂತ ಕಾಲೇಜು ಅವರ ಪಾಲಿಗೆ ಕಾಲಿಗೆ ಕಟ್ಟಿದ ಕಲ್ಲು. ಪಿಯುಸಿ ಮುಗಿಸಿ ಫೌಂಡೇಷನ್ ಬರೆಯದವರಿಗೂ ದಾರಿಯಿದೆ: ಕಾಮರ್ಸ್ ಪದವಿಯಲ್ಲಿ 55 ಪರ್ಸೆಂಟ್ ಬಂದರೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು.

ಎಂಬಿಎ ಗುರಿಯಾದವರು ಬಿಬಿಎಯನ್ನೇ ಮಾಡಬೇಕೆಂದಿಲ್ಲ. ಕ್ಯಾಟ್ ಪರೀಕ್ಷೆಗೆ ಯಾವ ಪದವಿಯಾದರೂ ಆದೀತು, ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್ ಇದ್ದರೆ ಸಾಕು. ಆದರೆ ಹಲವು ಐಐಎಂಗಳು ಆಯ್ಕೆಯಲ್ಲಿ ಪದವಿಯ ಅಂಕವನ್ನೂ ಎಣಿಸುತ್ತವೆ. ಓದಲು ಸಮಯ ಉಳಿಯುವ ಕಾಲೇಜು ಅವರಿಗೆ ಹೊಂದುತ್ತದೆ. ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೂ ಯಾವ ಡಿಗ್ರಿಯಾದರೂ ಸರಿ. ಅಂಥವರು ದುಬಾರಿ ಬಿಬಿಎ ಬಿಟ್ಟು, ಊರಿನ ಒಳ್ಳೆಯ ಕಾಲೇಜಿನಲ್ಲಿ ಬಿಕಾಂ ಮಾಡುತ್ತಾ ತಯಾರಿ ನಡೆಸುವುದೇ ಲೇಸು. ಡಿಗ್ರಿ ಮುಗಿದ ಕೂಡಲೇ ಕೆಲಸ ಬೇಕೇಬೇಕು ಎನ್ನುವ ಮನೆಯವರು ಮಾತ್ರ ಪ್ಲೇಸ್‌ಮೆಂಟ್ ಲೆಕ್ಕಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಲಿ.

8. ‘ಇಂಟಿಗ್ರೇಟೆಡ್’ ಎಂದರೆ ಏನು ಸೇರಿದೆ?

ಎಸಿಸಿಎ (ಅಂತರರಾಷ್ಟ್ರೀಯ ಲೆಕ್ಕಪತ್ರ ಅರ್ಹತೆ) ಜೊತೆಗಿನ ಬಿಕಾಂ ಎಂದು ಜಾಹೀರಾತು ಕಂಡರೆ ಮೂರು ಪ್ರಶ್ನೆ ಕೇಳಿ. ಎಸಿಸಿಎಯ 13 ಪತ್ರಿಕೆಗಳಲ್ಲಿ ಈ ಕೋರ್ಸಿಗೆ ಎಷ್ಟಕ್ಕೆ ವಿನಾಯಿತಿ? ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ ಕಾಲೇಜಿನ ಫೀಸಿನಲ್ಲಿ ಸೇರಿದೆಯೇ? ಪಾಠ ಮಾಡುವವರು ಕಾಲೇಜಿನವರೇ, ಹೊರಗಿನ ಕೋಚಿಂಗ್ ಸಂಸ್ಥೆಯವರೇ? ವಿನಾಯಿತಿಯ ಲೆಕ್ಕವನ್ನು ಎಸಿಸಿಎ ವೆಬ್‌ಸೈಟಿನಲ್ಲೇ ಪರೀಕ್ಷಿಸಬಹುದು, ಕೌಂಟರಿನಲ್ಲಿ ಕೂತವರ ಮಾತಿಗೆ ಬಿಡಬೇಡಿ.

9. ಸಾದಾ ಮಂಗಳವಾರ ಹೋಗಿ

ದೂರದ ಬೆಟ್ಟ ನುಣ್ಣಗೆ. ಓಪನ್ ಡೇ ದಿನ ಎಲ್ಲ ಕಾಲೇಜೂ ಮದುವೆ ಮನೆಯಂತಿರುತ್ತದೆ. ವಾರದ ನಡುವೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಕಾಗದಗಳು ಈ ತಿಂಗಳವೋ ಕಳೆದ ವರ್ಷದವೋ ನೋಡಿ. ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಆ ದಿನ ಎಷ್ಟು ಸಹಿ ಬಿದ್ದಿವೆ ನೋಡಿ. ತರಗತಿಯ ಬಾಗಿಲಲ್ಲಿ ಎರಡು ನಿಮಿಷ ನಿಂತರೆ ಲೆಕ್ಚರರ್ ಪಿಪಿಟಿ ಓದುತ್ತಿದ್ದಾರೋ, ಹುಡುಗರನ್ನು ಮಾತಾಡಿಸುತ್ತಿದ್ದಾರೋ ತಿಳಿಯುತ್ತದೆ.

ಆಮೇಲೆ ಕ್ಯಾಂಟೀನಿಗೆ ಹೋಗಿ. ಮೊದಲ ವರ್ಷದವರು ಇನ್ನೂ ಹೊಸತನದ ಗುಂಗಿನಲ್ಲಿರುತ್ತಾರೆ. ಮೂರನೇ ವರ್ಷದವರನ್ನು ಹುಡುಕಿ, ಒಂದು ಕಾಫಿ ಕೊಡಿಸಿ, ಹೀಗೆ ಕೇಳಿ: ‘ಕಳೆದ ಸೆಮಿಸ್ಟರಿನ ರಿಸಲ್ಟ್ ಯಾವಾಗ ಬಂತು? ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕಿದೆಯಾ? ಇಂಟರ್ನ್‌ಶಿಪ್ ಕಾಲೇಜಿನವರು ಕೊಡಿಸಿದರಾ, ನೀವೇ ಹುಡುಕಿಕೊಂಡಿರಾ? ನಿಮ್ಮ ತಂಗಿಯನ್ನು ಇಲ್ಲಿಗೆ ಸೇರಿಸುತ್ತೀರಾ?’ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫಲಿತಾಂಶ, ಅಂಕಪಟ್ಟಿ ತಡವಾಗುವ ದೂರು ಕೆಲವು ವರ್ಷಗಳಿಂದ ಇದ್ದದ್ದೇ. ತಡವಾದರೆ ಎಂಬಿಎ ಪ್ರವೇಶಕ್ಕೂ ಕೆಲಸಕ್ಕೂ ತೊಡಕು. ಕೊನೆಯ ಪ್ರಶ್ನೆಗೆ ಅವರು ಉತ್ತರಿಸುವ ಮುನ್ನ ಎಷ್ಟು ಯೋಚಿಸುತ್ತಾರೆ ಎಂಬುದನ್ನೂ ಗಮನಿಸಿ.

ಕನ್ನಡ ಮಾಧ್ಯಮದಿಂದ ಬಂದವರು ಇನ್ನೆರಡು ವಿಷಯ ಕೇಳಿಕೊಳ್ಳಬೇಕು: ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ, ಇಂಗ್ಲಿಷಿಗೆ ಬ್ರಿಡ್ಜ್ ಕೋರ್ಸ್ ಇದೆಯೇ. ಕೇಳಲು ಸಂಕೋಚ ಬೇಡ. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವ ಕಾಲೇಜಿನಲ್ಲಿ ಮೂರು ವರ್ಷ ಕಳೆಯುವುದು ಕಷ್ಟ.

10. ಊರೂ ಒಂದು ಪಠ್ಯವೇ

ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಸುಲಭವಾಗಿ ಸಿಗುತ್ತದೆ ಎಂಬುದು ನಿಜ. ಹಾಗೆಂದು ಬಿಸಿನೆಸ್ ಕಲಿಯಲು ಬೆಂಗಳೂರೇ ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ 1973ರಿಂದ ಅಲ್ಲೇ ಇದೆ, ಬಂದರೂ ಇದೆ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ತಿಂಗಳು ಓಡಾಡಿ, ರೈತನ ಚೀಲ ಟೆಂಡರಿಗೆ ಬಂದು ದರ ಹೇಗೆ ನಿಲ್ಲುತ್ತದೆ, ಶೀತಲಗೃಹದಲ್ಲಿ ಇಟ್ಟರೆ ಎಷ್ಟು ಉಳಿಯುತ್ತದೆ ಎಂದು ಪ್ರಾಜೆಕ್ಟ್ ಬರೆದ ಹುಡುಗಿಗೆ ಸಂದರ್ಶನದಲ್ಲಿ ಹೇಳಲು ತನ್ನದೇ ಮಾತು ಇರುತ್ತದೆ. ಕಾಲೇಜು ಅಂಥ ಪ್ರಾಜೆಕ್ಟ್ ಮಾಡಿಸುತ್ತದೆಯೇ, ಇಂಟರ್ನೆಟ್ಟಿನಿಂದ ಇಳಿಸಿದ್ದಕ್ಕೆ ಬೈಂಡಿಂಗ್ ಹಾಕಿಸಿ ಅಂಕ ಕೊಡುತ್ತದೆಯೇ? ಹಿಂದಿನ ವರ್ಷದ ಪ್ರಾಜೆಕ್ಟ್ ವರದಿ ಎರಡನ್ನು ನೋಡಲು ಕೇಳಿದರೆ ಗೊತ್ತಾಗುತ್ತದೆ.

11. ಮೊದಲ ವರ್ಷದ ಫೀಸು ಪೂರ್ತಿ ಖರ್ಚಲ್ಲ

ಒಂದು ಹಾಳೆಯಲ್ಲಿ ಕಾಲೇಜಿಗೊಂದರಂತೆ ಎರಡು ಕಾಲಂ ಎಳೆದು ಬರೆಯಿರಿ: ಮೂರೂ ವರ್ಷದ ಫೀಸು (ವರ್ಷವರ್ಷ ಏರುತ್ತದೆಯೇ ಕೇಳಿ), ಪರೀಕ್ಷಾ ಶುಲ್ಕ, ಹಾಸ್ಟೆಲ್ ಇಲ್ಲವೇ ಪಿಜಿ, ಊಟ, ಬಸ್ಸು-ಮೆಟ್ರೊ, ಲ್ಯಾಪ್‌ಟಾಪ್, ಬ್ಲೇಜರ್, ಇಂಡಸ್ಟ್ರಿಯಲ್ ವಿಸಿಟ್, ಪ್ಲೇಸ್‌ಮೆಂಟ್ ಟ್ರೇನಿಂಗ್ ಶುಲ್ಕ, ಸರ್ಟಿಫಿಕೇಟ್ ಕೋರ್ಸುಗಳು. ಒಟ್ಟು ಮೊತ್ತವನ್ನು ಮೂರನೇ ಸೂತ್ರದಲ್ಲಿ ಸಿಕ್ಕ ಮಧ್ಯಮ ಸಂಬಳದ ಪಕ್ಕದಲ್ಲಿ ಬರೆಯಿರಿ. ಒಟ್ಟು ಖರ್ಚು ಆ ಸಂಬಳದ ಎರಡು ವರ್ಷದ ಮೊತ್ತವನ್ನು ಮೀರಿದರೆ, ಸಾಲ ಮಾಡಿ ಓದಿಸುವ ಮನೆಗೆ ಅದು ಭಾರ ಎಂಬುದು ನನ್ನ ಅಂದಾಜು.

ಸಾಲ ಬೇಕಾದವರು ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಎರಡು ಸಂಸ್ಥೆಗಳಲ್ಲಿ ಯಾವುದಿದೆ ನೋಡಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇದು ಅನ್ವಯಿಸುವುದಿಲ್ಲ. ರಾಜ್ಯದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ವಿದ್ಯಾಸಿರಿ ನಿಮಗೆ ಸಲ್ಲುತ್ತದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಸೇರುವ ಮೊದಲೇ ಕೇಳಿ. ಡೊನೇಷನ್ ಕೇಳುವ ಕಡೆ ರಸೀದಿ ಕೇಳಿ. ರಸೀದಿ ಇಲ್ಲ ಎಂದರೆ ಎದ್ದು ಬನ್ನಿ.

12. ಗಡುವಿಗೆ ಹೆದರಬೇಡಿ

‘ನಾಳೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ’ ಎಂಬ ಮಾತಿಗೆ ಹೆದರಿ ಹಣ ಕಟ್ಟಿ, ‘ಕಟ್ಟಿದ್ದಾಯಿತಲ್ಲ’ ಎಂದು ಅಲ್ಲೇ ಉಳಿಯುವವರು ಎಷ್ಟೋ ಜನ. ಕಟ್ಟಿದ ಹಣ ವಾಪಸು ಪಡೆಯಲು ಯುಜಿಸಿ ನಿಯಮವಿದೆ. 2024-25ರ ಸಾಲಿಗೆ ಯುಜಿಸಿ ಹೊರಡಿಸಿದ ನೀತಿಯಂತೆ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಮುರಿದುಕೊಂಡು ಉಳಿದದ್ದು ಸಿಗಬೇಕಿತ್ತು. ನೀವು ಸೇರುವ ವರ್ಷದ ದಿನಾಂಕಗಳನ್ನು ಯುಜಿಸಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂಬುದೂ ಯುಜಿಸಿ ನಿಯಮವೇ. ಅರ್ಜಿ, ರಸೀದಿ, ಇಮೇಲ್ ಎಲ್ಲವನ್ನೂ ಜೋಪಾನವಾಗಿ ಇಡಿ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಕಾಲೇಜು ಸಮ ಎನಿಸಿದರೆ ಕಡಿಮೆ ಖರ್ಚಿನದಕ್ಕೇ ಸೇರಿ. ಉಳಿದ ಹಣವನ್ನು ಸಿಎ ಕೋಚಿಂಗ್‌ಗೋ, ಒಳ್ಳೆಯ ಲ್ಯಾಪ್‌ಟಾಪಿಗೋ, ಸಂಬಳವಿಲ್ಲದ ಒಂದು ಇಂಟರ್ನ್‌ಶಿಪ್‌ನ ಎರಡು ತಿಂಗಳ ಪಿಜಿ ಬಾಡಿಗೆಗೋ ಎತ್ತಿಡಿ. ತಂದೆತಾಯಿಗಳಲ್ಲಿ ಒಂದು ಕೋರಿಕೆ: ಆ ಎರಡು ಕಾಲಂನ ಹಾಳೆಯನ್ನು ಮಗನ ಕೈಗೆ, ಮಗಳ ಕೈಗೆ ಕೊಟ್ಟು, ಕೊನೆಯ ಮಾತು ಅವರಿಗೇ ಬಿಡಿ.